ಲಿಫ್ಟಿನೊಳಗಿನವರ ಫೋನು

ಜೂನ್ 3, ಸೋಮವಾರ

ಮತ್ತೆ ಡೆಮೊ. ಮೂರನೆಯದು. ಫೋನ್ ಕಂಪನಿ ಬೇರೆ, ಸ್ಲೈಡ್ ಅವೇ. ಹೆಡ್‌ಫೋನ್ ಹಾಕಿಕೊಂಡು ನಗುವ ಹುಡುಗಿಯೂ ಅವಳೇ. ನೋಡಿ ನೋಡಿ ಅವಳ ಹಲ್ಲಿನ ಮೇಲೇ ಜಿಗುಪ್ಸೆ ಬಂದಿದೆ.

ನಮ್ಮದು ಲಿಫ್ಟ್ ರಿಪೇರಿ. ಮುಂಬಯಿಯ ಭಾಂಡುಪಿನಲ್ಲಿ ಎರಡು ಕೋಣೆಯ ಆಫೀಸು, ಊರ ತುಂಬ ಮುನ್ನೂರು ಚಿಲ್ಲರೆ ಲಿಫ್ಟು. ಪ್ರತಿಯೊಂದರ ಒಳಗೂ ನಮ್ಮ ನಂಬರಿನ ಸ್ಟಿಕ್ಕರ್. ಸಿಕ್ಕಿಕೊಂಡವರು ಫೋನ್ ಮಾಡುತ್ತಾರೆ, ಮಲ್ಲಕ್ಕ ಎತ್ತುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇಷ್ಟೇ ವ್ಯವಸ್ಥೆ. ಈಗ ನಮ್ಮ ಮಾಲಕರು ಚನ್ನಬಸಯ್ಯನವರಿಗೆ, ಎಲ್ಲರ ಬಾಯಲ್ಲಿ ಅಯ್ಯಾರು, ಇಂಟರ್ನೆಟ್ ಮೇಲೆ ನಡೆಯುವ ಕ್ಲೌಡ್ ಫೋನ್ ಬೇಕಂತೆ. ಯಾವುದೋ ಮದುವೆಯಲ್ಲಿ ಯಾರೋ ಕಿವಿ ಊದಿದ್ದಾರೆ. ಇಂಟರ್ನೆಟ್ ಕೇಬಲ್ ಗಟಾರದ ಮೇಲೆ ಜೋತಾಡುತ್ತಿದೆ, ಒಂದು ಮಳೆಗೆ ಸತ್ತುಹೋಗುತ್ತದೆ. ಇವರಿಗೆ ಕ್ಲೌಡ್. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆರಿಸುವ ಕೆಲಸ ಮ್ಯಾನೇಜರನದು. ಅಂದರೆ ನನ್ನದು.

ಜೂನ್ 5

ಮೊದಲನೆಯವರ ಲೈನ್ ಚೆನ್ನ, ಫೋನ್ ದರಿದ್ರ. ಎರಡನೆಯವರ ಕಂಪ್ಲೇಂಟ್ ನಂಬರಿಗೆ ಸುಮ್ಮನೆ ಹಚ್ಚಿ ನೋಡಿದೆ. ಇಪ್ಪತ್ತೆರಡು ನಿಮಿಷ ಕೊಳಲು. ಫೋನ್ ಮಾರುವವರೇ ಫೋನ್ ಎತ್ತುವುದಿಲ್ಲ, ಥೂ.

ಮೂರನೆಯದು ಅಂಧೇರಿಯದು. ಅಲ್ಲಿಯ ಸೇಲ್ಸ್ ಹುಡುಗಿ ಯಕ್ಷಿತಾ. ಮನೆಯವರು ಉಡುಪಿ ಕಡೆ, ಇವಳು ಹುಟ್ಟಿದ್ದು ಇಲ್ಲೇ. "ಅಂಕಲ್, ನನ್ನದು ಕನ್ನಡ ಸ್ವಲ್ಪ ವೀಕ್. ಬಟ್ ಟ್ರಯಲ್ ಫುಲ್ ಫ್ರೀ ಉಂಟು. ಫೈಬರ್ ಕೂಡ ನಾವೇ ಹಾಕುವುದು." ಕನಿಷ್ಠ ಒಂದು ರಿಂಗಿಗೆ ಎತ್ತಿದಳು. ಅವಳದೇ ಇರಲಿ ಎಂದೆ.

ಜೂನ್ 14, ಶುಕ್ರವಾರ

ಟ್ರಯಲ್ ಶುರುವಾಗಿ ಒಂದು ವಾರ. ಸುಳ್ಳು ಯಾಕೆ, ಲೈನ್ ಗಟ್ಟಿ ಇದೆ. ಅಷ್ಟು ಮಳೆ ಬಂದರೂ ಕಟ್ ಆಗಲಿಲ್ಲ.

ಆದರೆ ರಿಪೋರ್ಟ್ ಬಂತು. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಮಲ್ಲಕ್ಕನ ಹೆಸರು ಕೆಂಪಕ್ಷರದಲ್ಲಿ. ಒಂದು ಕರೆ ನಾಲ್ಕು ನಿಮಿಷದಲ್ಲಿ ಮುಗಿಯಬೇಕಂತೆ. ಮಲ್ಲಕ್ಕನ ಒಂದು ಕರೆ ನಲವತ್ತೊಂದು ನಿಮಿಷ.

"ನಲವತ್ತೊಂದ್ ನಿಮಿಷ ಏನ್ ಪುರಾಣಾ ಹೇಳ್ತಾಳಪಾ ಈಕಿ?" ಅಂದರು ಅಯ್ಯಾರು. ಆ ರೆಕಾರ್ಡಿಂಗ್ ಹಾಕಿ ಕೇಳಿದೆವು. ಒಬ್ಬ ಮುದುಕ, ಆರು ಮತ್ತು ಏಳನೇ ಮಹಡಿಯ ನಡುವೆ, ಲೈಟೂ ಇಲ್ಲ. ಏದುಸಿರು ಬಿಡುತ್ತಿದ್ದಾನೆ. ಮಲ್ಲಕ್ಕ ಹೆಸರು ಕೇಳಿದಳು. ಕೆಳಗೆ ಕೂರಿಸಿದಳು. ಬೂಟು ಬಿಚ್ಚಿಸಿದಳು. ಮಕ್ಕಳೆಷ್ಟು, ಯಾವ ಸೊಸೆ ಅಡುಗೆ ಚೆನ್ನಾಗಿ ಮಾಡುತ್ತಾಳೆ, ಒಂದೊಂದೇ ಕೇಳಿದಳು. ಮೆಕ್ಯಾನಿಕ್ ಬಾಗಿಲು ತೆಗೆಯುವ ಹೊತ್ತಿಗೆ ಮುದುಕ ಸೊಸೆಯನ್ನು ಬೈಯುತ್ತ ನಗುತ್ತಿದ್ದ.

ಅಯ್ಯಾರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಲ್ಲಕ್ಕ ಉಳಿದಳು ಅಂದುಕೊಂಡೆ.

"ಭಾಳ ಛಲೋ ದನಿ ಐತಿ. ಇದನ್ನ ಮಷೀನಿನ್ಯಾಗ ಹಾಕಾಕ ಬರ್ತೈತೇನು, ಆ ಹುಡುಗೀನ ಕೇಳು."

ಜೂನ್ 15

ಬರುತ್ತದಂತೆ. ಬರದೇ ಏನು. ಫೋನ್ ಬಂದ ಕೂಡಲೇ ಹತ್ತಿರದ ಮೆಕ್ಯಾನಿಕ್‌ಗೆ ತಾನಾಗಿ ಮೆಸೇಜ್. ಅವನು ತಲುಪುವವರೆಗೆ ಮಲ್ಲಕ್ಕನ ದನಿ ತಿರುತಿರುಗಿ. ಆಮೇಲೆ ಕುರ್ಚಿಯ ಮೇಲೆ ಮಲ್ಲಕ್ಕ ಬೇಕಾಗಿಲ್ಲ.

"ಈಗ ಆಕಿಗೆ ಹೇಳಬ್ಯಾಡ. ರೆಕಾರ್ಡಿಂಗ್ ಆಗ್ಲಿ ಮೊದ್ಲ." ಅಂದರು ಅಯ್ಯಾರು. ಕೇಳಿ ಮೈಯೆಲ್ಲ ಹೇಸಿಗೆ ಮೆತ್ತಿದಂತಾಯಿತು. ಆದರೂ ತಲೆ ಆಡಿಸಿದೆ. ಆಕೆಗೆ ಐವತ್ತಾರು. ಗಂಡನಿಲ್ಲ, ಮಕ್ಕಳಿಲ್ಲ, ಚಾಳಿನಲ್ಲಿ ಬಾಡಿಗೆ ಖೋಲಿ. ಈ ವಯಸ್ಸಿನಲ್ಲಿ ಅವಳನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

ಜೂನ್ 27, ಗುರುವಾರ

ರೆಕಾರ್ಡಿಂಗ್. ಹೊಸ ಫೋನಿಗೆ ಸ್ವಾಗತದ ಮಾತು ಬೇಕು ಎಂದಷ್ಟೇ ಹೇಳಿದ್ದೆ. ಮಲ್ಲಕ್ಕ ಮೈಕಿನ ಮುಂದೆ ಬಾಯಿ ಬಿಡಲೊಲ್ಲಳು. "ಯಾರ್ ಸಿಕ್ಕೊಂಡಾರ್ರಿ? ಯಾರಂತ ಗೊತ್ತಿಲ್ದ ಏನಂತ ಮಾತಾಡ್ಲಿ?"

ಯಕ್ಷಿತಾಳ ಐಡಿಯಾ — ನಾನು ಒಳಕೋಣೆಯಿಂದ ಫೋನ್ ಮಾಡಬೇಕು, ಸಿಕ್ಕಿಕೊಂಡವನ ಹಾಗೆ. ಬಾಗಿಲು ಹಾಕಿಕೊಂಡು ಮೋಟಾರುಗಳ ನಡುವೆ ಕೂತೆ.

"ಡರೋ ಮತ್. ಮೈ ಇಧರೀಚ್ ಹೂಂ." ಹೆದರಬೇಡ, ಇಲ್ಲೇ ಇದ್ದೇನೆ. ಎಲ್ಲರಿಗೂ ಮೊದಲು ಹೇಳುವುದು ಅದನ್ನೇ. ಆಮೇಲೆ ನಾನೆಂದು ನೆನಪಾಗಿ ಕನ್ನಡಕ್ಕೆ ಬಂದಳು. "ಗುರುಬಸಣ್ಣ, ದನಿ ಯಾಕ ಹಿಂಗ್ ನಡಗಾಕತ್ತೈತಿ? ಖರೇನ ಏನಾರ ಆಗೇತೇನು?"

ಏನಿಲ್ಲ ಮಲ್ಲಕ್ಕ, ನೋಡೋಣ, ಎಂದೆ. ಅಡ್ಡಗೋಡೆಯ ಮೇಲೆ ದೀಪ.

"ಹೇಳಾಕ ಆಗದಿದ್ರ ಬಿಡ್ರಿ. ನೀವು ಹೊರಗ ಬರೂತನಾ ನಾ ಫೋನ್ ಇಡಂಗಿಲ್ಲ."

ಯಕ್ಷಿತಾ ಹಿಂದಿಯ ಎರಡು ಸಾಲು ಕತ್ತರಿಸಿ ಇಟ್ಟುಕೊಂಡಳು. ಪರ್ಫೆಕ್ಟ್ ಅಂಕಲ್, ಅಂದಳು.

ಜುಲೈ 1

ಮಲ್ಲಕ್ಕನಿಗೆ ಬೀಳ್ಕೊಡುಗೆ. ಶಾಲು, ತೆಂಗಿನಕಾಯಿ, ಫೋಟೊ. ಅಯ್ಯಾರು ಭಾಷಣವನ್ನೂ ಮಾಡಿದರು. ಮಲ್ಲಕ್ಕ ಅಳಲಿಲ್ಲ. ಚಪ್ಪಲಿ ಮೆಟ್ಟುವಾಗ ನನ್ನನ್ನು ಕೇಳಿದಳು, "ಫೋನ್ ಯಾರ್ ಎತ್ತತಾರ?"

"ನಿಮ್ಮ ದನಿನೇ, ಮಲ್ಲಕ್ಕ."

"ಮತ್ತ ಅವ್ರು ಹೇಳಿದ್ದ ಕೇಳವ್ರು?"

ಆಟೊ ಕರೆಯುವ ನೆಪದಲ್ಲಿ ಹೊರಗೆ ಹೋದೆ. ಎಂಥ ಮನುಷ್ಯ ನಾನು.

ಜುಲೈ 9, ಮಂಗಳವಾರ

ರಿಪೋರ್ಟ್ ಪೂರ್ತಿ ಹಸಿರು, ಮಷೀನಿನ ಮಾತಿಗೆ ನಿಮಿಷದ ಲೆಕ್ಕವಿಲ್ಲವಂತೆ. ಒಂದು ಕರೆ ಮಾತ್ರ ಮೂವತ್ತಮೂರು ನಿಮಿಷ. ಕೇಳಬಾರದಿತ್ತು, ಕೇಳಿದೆ.

ಸಯನ್ನಿನ ಒಂದು ಬಿಲ್ಡಿಂಗು. ವಯಸ್ಸಾದ ಹೆಂಗಸು. ಮಲ್ಲಕ್ಕನ ದನಿಯ ಧಾಟಿಯಲ್ಲೇ ಊರು ಗುರುತಿಸಿಬಿಟ್ಟಿದ್ದಾಳೆ. "ನೀವು ನಮ್ಮ ಕಡೇದವ್ರೇನ್ರಿ? ನಾ ಇಂದ್ರಾಬಾಯಿ, ವಿಜಾಪುರದಾಕಿ." ಡರೋ ಮತ್, ಮೈ ಇಧರೀಚ್ ಹೂಂ. "ಹೂಂನ್ರಿ. ನಿಮ್ಮ ಹೆಸರೇನ್ರಿ?" ಡರೋ ಮತ್. "ಯಾಕ್ರೀ ಅಷ್ಟ ಹೇಳ್ತೀರಿ? ನನಗ ಉಸರ್ ಹಿಡ್ಯಾಕತ್ತೈತ್ರಿ." ಮೈ ಇಧರೀಚ್ ಹೂಂ. ಕೊನೆಯ ಒಂಬತ್ತು ನಿಮಿಷ ಆಕೆ ಮಾತಾಡಲಿಲ್ಲ. ದನಿ ಮಾತ್ರ ಇತ್ತು.

ಅಯ್ಯಾರಿಗೂ ಆ ಕರೆ ಹಾಕಿ ಕೇಳಿಸಿದೆ. "ಜೀವಂತ ಹೊರಗ ಬಂದ್ಳಲ್ಲಪಾ, ಸಾಕಲ್ಲ." ಯಕ್ಷಿತಾಳ ಕಂಪನಿಯ ಮೂರು ವರ್ಷದ ಕಾಂಟ್ರ್ಯಾಕ್ಟ್ ಸಹಿಗೆಂದು ನನ್ನ ಮೇಜಿನ ಮೇಲಿಟ್ಟು ಹೋದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ. ತಳ್ಳುವ ಕೈ ನನ್ನದು.

ಜುಲೈ 10, ಬೆಳಿಗ್ಗೆ 11.20

ಸಹಿ ಮಾಡಿಲ್ಲ. ಸ್ಕ್ರೀನಿನಲ್ಲಿ ಒಂದು ಕರೆ ನಡೆದಿತ್ತು, ಅಂಧೇರಿಯ ಒಂದು ಲಿಫ್ಟಿನಿಂದ. ಆರು ನಿಮಿಷ... ಏಳು... ನಡುವೆ ಹೋಗಿ ಮಾತಾಡಲು ಒಂದು ಬಟನ್ ಇದೆ. ಒತ್ತಿದೆ. ಅತ್ತ ಒಬ್ಬ ಗಂಡಸು, ಜೋರಾಗಿ ಬಾಗಿಲು ಬಡಿಯುತ್ತಿದ್ದ. ಏನು ಹೇಳಬೇಕೋ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಅದೇ — ಡರೋ ಮತ್, ಮೈ ಇಧರೀಚ್ ಹೂಂ.

"ಅಬ್ ಆದ್ಮೀ ಕಾ ಟೇಪ್ ಲಗಾಯಾ," ಅಂದ. ಈಗ ಗಂಡಸಿನ ಟೇಪು ಹಾಕಿದ್ದಾರಂತೆ. ಕಟ್ ಮಾಡಿದ.

ತಿರುಗಿ ಹಚ್ಚಿದೆ. ಮೂರು ಸಲ. ಎತ್ತುತ್ತಿಲ್ಲ. ಮೆಕ್ಯಾನಿಕ್ ಇನ್ನೂ ಟ್ರಾಫಿಕ್‌ನಲ್ಲಿ. ಈಗ ಮಲ್ಲಕ್ಕನ ಮೊಬೈಲಿಗೆ ಹಚ್ಚಿದ್ದೇನೆ, ಕಿವಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ. ಎತ್ತಿದರೆ ಮೊದಲು ಆ ಮನುಷ್ಯನ ನಂಬರ್ ಕೊಡಬೇಕು, ಆಮೇಲೆ ನನ್ನ ತಪ್ಪು—