ಒಡಪಿನ ಪಾಸ್‌ವರ್ಡ್

ಏನ್ರೀ,

ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಮಾಡಿಲ್ಲ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನಿ. ಲ್ಯಾಪ್‌ಟಾಪ್ ಹುಡುಕಬೇಡಿ, ಆಳಂದದ ಲ್ಯಾಬಿಗೆ ನನ್ನ ಜೊತೆಗೇ ಒಯ್ಯುತ್ತಿದ್ದೇನೆ.

ನಮ್ಮ ಲ್ಯಾಬಿನ ವಿಪಿಎನ್ ರೌಟರ್, ಮನೆಯಿಂದ ಲ್ಯಾಬಿನ ಕಂಪ್ಯೂಟರಿನೊಳಗೆ ಬರುವವರನ್ನು ಮೂರೇ ಕೇಳುತ್ತದೆ: ಹೆಸರು, ಪಾಸ್‌ವರ್ಡ್, ಆಗಷ್ಟೇ ಫೋನಿಗೆ ಬಂದ ನಂಬರ್. ಮೂರೂ ಸರಿಯಿದ್ದರೆ ಬಿಡುತ್ತದೆ. ಒತ್ತಿದ ಬೆರಳು ಯಾರದೆಂದು ಕೇಳುವುದಿಲ್ಲ. ನಾನು ಸ್ನಾನಕ್ಕೆ ಹೋದಾಗ ನನ್ನ ಫೋನ್ ನಿಮ್ಮ ಕೈಯಲ್ಲಿತ್ತು. ಪಾಸ್‌ವರ್ಡೂ ನಿಮಗೆ ಕಷ್ಟವಾಗಲಿಲ್ಲ. ಮದುವೆಯಾಗಿ ಬಂದ ದಿನ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ನಿಮ್ಮ ತಂಗಿ ಹೊಸ್ತಿಲಿಗೆ ಅಡ್ಡ ನಿಂತಾಗ ನಿಮ್ಮ ಹೆಸರನ್ನು ಪ್ರಾಸದಲ್ಲಿ ಕಟ್ಟಿ ನಾನು ಹೇಳಿದ ಒಡಪನ್ನೇ ಪಾಸ್‌ವರ್ಡಾಗಿ ಇಟ್ಟಿದ್ದೆ. ಅಂಥ ದಡ್ಡಿ ನಾನು.

"ಬರೇ ನೋಡೇನಿ ಬೇ, ಏನೂ ಅಳಿಸಿಲ್ಲ" ಅಂದಿರಿ ನಿನ್ನೆ. ನೋಡಿದ್ದು ಪಕ್ಕದ ಮನೆಯ ನಾಗರತ್ನಾಳ ರಕ್ತದ ರಿಪೋರ್ಟು. ಅದನ್ನು ನಿಮ್ಮ ಅವ್ವನಿಗೆ ಹೇಳಿದಿರಿ, ಅವ್ವ ಓಣಿಗೆ ಹೇಳಿದರು. ಆ ಹುಡುಗಿಯ ನಿಶ್ಚಯ ಮುರಿಯಿತು. ರೌಟರಿನ ದಾಖಲೆಯಲ್ಲಿ ಇರುವುದು ನನ್ನ ಹೆಸರು.

ನಾಗರತ್ನಾ ಬಂದರೆ ಬಾಗಿಲ ಹಿಂದೆ ಅಡಗಬೇಡಿ. ಮುಖಕ್ಕೆ ಉಗುಳಿದರೆ ಒರೆಸಿಕೊಳ್ಳಿ. ಟವೆಲ್ ಹಗ್ಗದ ಮೇಲಿದೆ.

ಹನ್ನೊಂದಕ್ಕೆ ಲ್ಯಾಬಿನ ಡಾಕ್ಟರ ಮುಂದೆ ನನ್ನ ಹೇಳಿಕೆ. "ಗಂಡನ ಹೆಸರ ಬಾಯಿಲೆ ಹೆಂಗ ಹೇಳ್ತಿ ಬೇ?" ಎಂದು ನಿಮ್ಮ ಅವ್ವ ಬೆಳಿಗ್ಗೆಯಿಂದ ಅಳುತ್ತಿದ್ದಾರೆ. ಏಳು ವರ್ಷದಲ್ಲಿ ಅದು ನನ್ನ ಬಾಯಲ್ಲಿ ಒಂದೇ ಸಲ ಬಂದಿದೆ, ಈ ಮನೆಯ ಒಳಗೆ ಬರಲಿಕ್ಕೆ.

ಇವತ್ತು ಎರಡನೇ ಸಲ ಹೇಳುತ್ತೇನೆ. ಒಡಪಿಲ್ಲದೆ, ಮನೆತನದ ಅಡ್ಡಹೆಸರು ಸೇರಿಸಿ.

ದೀಪಾಲಿ