ನಾನು ಒತ್ತಿದ್ದು ಬರೀ ಮ್ಯಾಟನ್ನು

ಪರವಾನಗಿ ಮೇಲ್ಮನವಿ ಕೇಳುವ ಮಾನ್ಯರೇ,

ನಿಮ್ಮ ಕಚೇರಿ ನನ್ನ ಚಾಲನಾ ಪರವಾನಗಿಯನ್ನು ಮೂರು ತಿಂಗಳು, ನನ್ನ ಅಕ್ಕನ ಕಲಿಕಾ ಪರವಾನಗಿಯನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿದೆ. ಇದು ತಲೆಕೆಳಗಾದ ತೀರ್ಪು. ತಪ್ಪು ನನ್ನದು. ಹಾಗೆಂದು ಬರೆದುಕೊಡಲು ನಿಮ್ಮ ಮೂರನೇ ಕಿಟಕಿಗೆ ಹೋದರೆ ಗುಮಾಸ್ತರು ಕನ್ನಡಕ ಮೇಲೆತ್ತಿ, "ಶಿಕ್ಷೆ ಕಡಿಮೆ ಮಾಡಿ ಅನ್ನೋರಿಗೆ ಫಾರಂ ಇದೆ ಮೇಷ್ಟ್ರೇ, ಜಾಸ್ತಿ ಮಾಡಿ ಅನ್ನೋರಿಗೆ ಇಲ್ಲ" ಎಂದರು. ಎಂಥ ದೂರದೃಷ್ಟಿಯ ಕಚೇರಿ! ಹಾಗಾಗಿ ಊರೆಲ್ಲ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಾಚಿಕೆಯಿಂದ ಮುಖ ಸುಡುತ್ತಿದೆ.

ನಾನು ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಕಲಿಸುವವನು. ನಮ್ಮ ಶಾಲೆಯ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಾದರೆ ನಾನು ಬಾಯಿ ತೆರೆಯುವ ಮೊದಲೇ ಕಾಲು ಕೆಲಸ ಮುಗಿಸಿರುತ್ತದೆ. ಅಕ್ಕ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿ ಮಾಡಿ ಮಂಡಿ ಸವೆಸಿಕೊಂಡವಳು. "ಗಾಡಿ ಕಲ್ತ್ಕೊಂಡ್ ಬನ್ನಿ, ಬಟ್ಟೆ ತಲುಪ್ಸೋ ವ್ಯಾನು ನಿಮ್ಗೇ ಕೊಡ್ತೀನಿ" ಎಂದಿದ್ದರು ಮಾಲೀಕರು. ಆ ಶನಿವಾರ ಶಾಲೆಯ ಕಾರು ರಿಪೇರಿಗೆ ಹೋಗಿತ್ತು. ಒಂದು ದಿನ ತಾನೆ ಎಂದು ಮನೆಯ ಕಾರಿನಲ್ಲೇ ಅವಳನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಕೂರಿಸಬಾರದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಮಾರುಕಟ್ಟೆಯ ತಿರುವಿನಲ್ಲಿ ಅಂಚೆಯಣ್ಣ ಸೈಕಲ್ಲಿನಲ್ಲಿ ಅಡ್ಡ ಬಂದರು. ಅಕ್ಕ ಕನ್ನಡಿ ನೋಡುತ್ತಿದ್ದಳು, ನೋಡು ಎಂದವನೂ ನಾನೇ. ಇದ್ದ ಬಲವನ್ನೆಲ್ಲ ಹಾಕಿ ಕಾಲು ಒತ್ತಿದೆ. ಕಾಲಡಿ ಇದ್ದದ್ದು ಬರೀ ರಬ್ಬರ್ ಮ್ಯಾಟು. ಅಂಚೆಯಣ್ಣನ ಮಣಿಕಟ್ಟು ಮುರಿಯಿತು. ಅವರು ಅಡ್ಡ ಬಂದ ಮೇಲೆ ನನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ನಿಮ್ಮ ಇನ್ಸ್‌ಪೆಕ್ಟರ್ ಬಂದರು. ಅವರೂ ನನ್ನ ಹಳೇ ಶಿಷ್ಯರೇ. ಕಾರು ಓಡಿಸಿದವಳು ಪಕ್ಕದಲ್ಲೇ ನಿಂತಿದ್ದರೂ, "ನೀವ್ ಹೇಳಿ ಮೇಷ್ಟ್ರೇ, ಅವ್ರನ್ನೇನು ಕೇಳೋದು" ಎಂದರು. ಇದಕ್ಕೆ ವಿಚಾರಣೆ ಎನ್ನುತ್ತಾರೆಯೇ, ಮಾನ್ಯರೇ? ಆದರೆ ನಿಮ್ಮನ್ನು ದೂರುವ ಮುಖವಾದರೂ ನನಗೆಲ್ಲಿದೆ? ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲಾಗುತ್ತದೆಂದು ಹೆದರಿ, "ನಿಲ್ಸು ನಿಲ್ಸು ಅಂತ ಬಡ್ಕೊಂಡೆ ಸಾರ್, ಕೇಳ್ಲೇ ಇಲ್ಲ" ಎಂದುಬಿಟ್ಟೆ. ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಅವರು ತೋರಿಸಿದಲ್ಲಿ ಸಹಿ ಹಾಕಿದಳು.

ಸಿಟ್ಟಿನಿಂದ ನೋಡಿದಳು ಎಂದುಕೊಂಡಿದ್ದೆ. ಹಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬರುವಾಗ, "ನೀನು ನಿಲ್ಸು ಅಂದಿದ್ದು ನಂಗ್ಯಾಕೋ ಕೇಳಿಸ್ಲೇ ಇಲ್ವಲ್ಲೋ" ಎಂದಳು. ಹೋದ ವಾರ ಕಿವಿ ಡಾಕ್ಟರ ಹತ್ತಿರ ಹೋಗಿಬಂದಳು. ಏನೂ ತೊಂದರೆಯಿಲ್ಲ ಎಂದರೂ ಅವಳಿಗೆ ನಂಬಿಕೆಯಿಲ್ಲ. "ಕಿವಿ ಕೇಳ್ದೇ ಇರೋಳು ವ್ಯಾನ್ ಓಡ್ಸಿ ಇನ್ಯಾರಿಗಾದ್ರೂ ಗುದ್ದಿದ್ರೆ? ಬೇಡ ಬಿಡು" ಎನ್ನುತ್ತಿದ್ದಾಳೆ. ಮಾಲೀಕರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರಂತೆ.

ಆದ್ದರಿಂದ ಅವಳ ಪರವಾನಗಿಯನ್ನು ಈ ತಿಂಗಳೊಳಗೆ ಹಿಂತಿರುಗಿಸಿ. ಆ ಒಂದು ವರ್ಷವನ್ನು ನನ್ನ ಮೂರು ತಿಂಗಳಿಗೆ ಸೇರಿಸಿ. ಫಾರಂ ಇಲ್ಲದಿದ್ದರೆ ಇದನ್ನೇ ಫಾರಂ ಎಂದುಕೊಳ್ಳಿ. ಪತ್ರಿಕೆಗೆ ಕೊಡುವ ಮೊದಲು ಇಸ್ತ್ರಿ ಮೇಜಿನ ಮುಂದೆ ನಿಂತು ಅಕ್ಕನಿಗೆ ಓದಿ ಹೇಳುತ್ತೇನೆ. ನಿಮ್ಮ ಕಡತದಲ್ಲೂ ಬರೆದುಕೊಳ್ಳಿ: ಅವಳ ಕಿವಿ ಸರಿಯಾಗಿದೆ. ನಾನು ಏನೂ ಹೇಳಿರಲಿಲ್ಲ.

ಇಂತಿ,
ತಲೆ ತಗ್ಗಿಸಿ ನಡೆದೇ ಓಡಾಡುತ್ತಿರುವ
ಒಬ್ಬ ಡ್ರೈವಿಂಗ್ ಮೇಷ್ಟ್ರು