ತಟ್ಟೆಹಳ್ಳಿಯ ಗಡಿ

ರೀ,

ಎಲ್ಲಿದ್ದರೂ ಮೊದಲು ಕನ್ನಡಕ ಹಾಕಿಕೊಳ್ಳಿ, ಆಮೇಲೆ ಓದಿ. ಅಯ್ಯೋ, ನಿಮ್ಮ ಕನ್ನಡಕ ಇಲ್ಲೇ ಟಿವಿ ಪಕ್ಕದಲ್ಲಿದೆ. ಅದನ್ನು ಎತ್ತಿಡಲು ನನಗಿನ್ನೂ ಕೈ ಬಂದಿಲ್ಲ. ಮುಂದಿನ ವಾರ ಈ ಮನೆ ಕೊಳ್ಳುವ ಜನ ನೋಡಲು ಬರುತ್ತಾರೆ. ನನ್ನನ್ನು ತನ್ನ ಮನೆಗೆ ಕರೆದೊಯ್ಯಲು ದೀಪಾ ಡೆಸ್ ಪ್ಲೇನ್ಸ್‌ನಿಂದ ಬಂದು ಅಡುಗೆಮನೆಯನ್ನೆಲ್ಲ ಪೆಟ್ಟಿಗೆಗಳಿಗೆ ತುಂಬುತ್ತಿದ್ದಾಳೆ. ಬೆಳಿಗ್ಗೆ ಏನು ಕೇಳಿದಳು ಗೊತ್ತೇ, ನಿಮ್ಮ ಮುದ್ದಿನ ಮಗಳು? "ಅಮ್ಮಾ, ಈ ನೆಗ್ಗಿಹೋಗಿರೋ ತಟ್ಟೆ ಡೊನೇಟ್ ಮಾಡ್ಲಾ?" ಅವಳ ಕೈಯಿಂದ ಕಿತ್ತುಕೊಂಡೆ. ಮದುವೆಯಲ್ಲಿ ನಮ್ಮಮ್ಮ 'ವಿಮಲಾ' ಎಂದು ಹೆಸರು ಕೊರೆಸಿ ಕೊಟ್ಟ ಸ್ಟೀಲ್ ತಟ್ಟೆ ಅದು. ನೆಗ್ಗಿಸಿದ್ದು ನಾನೇ, ನಿಮ್ಮನ್ನು ಕರೆದು ಕರೆದು.

ಆ ಭಾನುವಾರ ನೆನಪಿದೆಯೇ? ಪಕ್ಕದ ಮನೆಯ ನಸ್ರೀನ್ ಸಂದೇಶ್ ಎನ್ನುವ ಬಂಗಾಳಿ ಸಿಹಿ ತಂದಿದ್ದಳು, ಮೂವರೂ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಕೂತಿದ್ದೆವು. ಆ ಹುಡುಗಿ ಢಾಕಾದಲ್ಲೇ ಹುಟ್ಟಿ ಬೆಳೆದ ಡಾಕ್ಟರು. ರಿಟೈರ್ ಆದ ಮೇಲೆ ಇತಿಹಾಸದ ಪುಸ್ತಕ ಬಿಟ್ಟು ಬೇರೇನೂ ಮುಟ್ಟದ ನೀವು, ಅವಳಿಗೇ ಢಾಕಾಗೆ ಆ ಹೆಸರು ಹೇಗೆ ಬಂತೆಂದು ಹೇಳಲು ಹೊರಟಿರಿ. ಮೈಸೂರಿನವರಿಗೆ ಮಹಿಷಾಸುರನ ಕಥೆ ಹೇಳಿದ ಹಾಗೆ! ಢಾಕೇಶ್ವರಿ ದೇವಿಯಿಂದ ಬಂತು ಎನ್ನುವವರಿದ್ದಾರೆ ಎಂದಿರಿ. ಢಾಕ್ ಮರದಿಂದ, ಅಂದರೆ ನಮ್ಮ ಮುತ್ತುಗದ ಮರದಿಂದ ಎನ್ನುವವರೂ ಇದ್ದಾರೆ ಎಂದಿರಿ. ಅವಳು ಎಲ್ಲ ಕೇಳಿಸಿಕೊಂಡು, "ಅಂಕಲ್, ನಮ್ಮಜ್ಜಿ ಬೇರೆ ಕಥೆ ಹೇಳ್ತಿದ್ರು" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಮೊಘಲರ ಸುಬೇದಾರ ರಾಜಧಾನಿಗೆ ಜಾಗ ಹುಡುಕುತ್ತ ಅಲ್ಲಿಗೆ ಬಂದನಂತೆ. ಢಾಕ್ ಎನ್ನುವ ದೊಡ್ಡ ಡೋಲುಗಳನ್ನು ಬಾರಿಸಲು ಹೇಳಿ, ಮೂರು ದಿಕ್ಕಿಗೆ ಬಾವುಟ ಕೊಟ್ಟು ಜನರನ್ನು ಓಡಿಸಿದನಂತೆ. ನಾಲ್ಕನೆಯ ದಿಕ್ಕಿಗೆ ಹೊಳೆ. ಎಲ್ಲಿ ಡೋಲು ಕೇಳುವುದು ನಿಂತಿತೋ ಅಲ್ಲಿ ಬಾವುಟ ನೆಡಿ, ಅದೇ ಊರಿನ ಗಡಿ ಎಂದನಂತೆ. ಚಕ್ರವರ್ತಿಯನ್ನು ಮೆಚ್ಚಿಸಲು ಜಹಾಂಗೀರ್‌ನಗರ ಎಂದು ಹೆಸರಿಟ್ಟರೂ ಜನ ಢಾಕಾ ಎನ್ನುವುದನ್ನು ಬಿಡಲಿಲ್ಲ. "ಡೋಲಿನದು ಬರೀ ಕಥೆ ಅಂಕಲ್, ಹಿಸ್ಟರಿ ಅಲ್ಲ" ಎಂದು ಅವಳು ನಕ್ಕರೆ, ನೀವು ಅವಳಿಗೆ ಅರ್ಥವಾಗುವುದಿಲ್ಲ ಎನ್ನುವುದನ್ನೂ ಮರೆತು ಕನ್ನಡದಲ್ಲೇ ಕೂಗಿದಿರಿ: "ಕಥೆಯಾದ್ರೇನಮ್ಮಾ! ಕೂಗಳತೇಲಿರೋದೆಲ್ಲ ನಮ್ಮೂರು!"

ಮಾರನೆಯ ದಿನದಿಂದಲೇ ಶುರುವಾಯಿತಲ್ಲ ನಿಮ್ಮ ಹುಚ್ಚು. ಕೆರೆಯ ಕಡೆ ವಾಕಿಂಗ್ ಹೊರಟವರಿಗೆ ಫೋನ್ ತೆಗೆದುಕೊಂಡು ಹೋಗಿ ಎಂದರೆ, "ಜೇಬಲ್ಲಿ ಫೋನ್ ಇದ್ರೆ ಅದು ವಾಕಿಂಗ್ ಅಲ್ಲ ಕಣೇ, ಆಫೀಸು. ನೀನು ಊಟಕ್ಕೆ ತಟ್ಟೆ ಬಡಿ, ಬರ್ತೀನಿ. ತಟ್ಟೆ ಕೇಳ್ಸದೇ ಇರೋ ಕಡೆ ಹೋಗಲ್ಲ, ಸರಿನಾ?" ಎಂದಿರಿ. ನಾನು ಡೆಕ್ಕಿನ ಮೇಲೆ ನಿಂತು ಸೌಟಿನಲ್ಲಿ ಠಣ್ ಠಣ್ ಎನ್ನಿಸಿದರೆ ಐದೇ ನಿಮಿಷಕ್ಕೆ ಹಾಜರು. ಆ ಶಬ್ದ ಮುಟ್ಟುವಷ್ಟು ಜಾಗಕ್ಕೆ ಹೆಸರನ್ನೂ ಇಟ್ಟಿರಿ. ಕಾಗದದ ಮೇಲೆ ವಿಮಲಾನಗರ, ಜನ ಕರೆಯುವುದು ತಟ್ಟೆಹಳ್ಳಿ. ಜನ ಎಂದರೆ ಯಾರು? ನೀವೊಬ್ಬರೇ. ಗಡಿಗೆ ಬಾವುಟ ನೆಡುತ್ತೇನೆ ಎಂದು ಹೊರಟಾಗ, "ಸುಮ್ನಿರಿ, ಬಡಾವಣೆ ಅಸೋಸಿಯೇಷನ್‌ನೋರು ನೋಟಿಸ್ ಕಳಿಸ್ತಾರೆ" ಎಂದು ನಾನೇ ತಡೆದೆ.

ಆ ದಿನ ಬದನೆಕಾಯಿ ಹುಳಿ ಮಾಡಿದ್ದೆ. ತಟ್ಟೆ ಬಡಿದೆ. ನೀವು ಬರಲಿಲ್ಲ. ಯಾರ ಜೊತೆಗೋ ಹರಟೆಗೆ ನಿಂತಿರಬೇಕು ಎಂದುಕೊಂಡು ಮತ್ತೆ ಬಡಿದೆ, ಸೌಟಿನ ಹಿಡಿ ಸೊಟ್ಟಗಾಗುವವರೆಗೂ ಬಡಿದೆ. ಆಮೇಲೆ ಸೈರನ್ ಕೇಳಿಸಿತು. 'ಕೆರೆಯ ಆಚೆ ಬದಿಯ ಬೆಂಚಿನ ಮೇಲೆ ಕೂತ ಹಾಗೇ ಇದ್ದರು, ಟೋಪಿ ತೊಡೆಯ ಮೇಲಿತ್ತು, ಹಾರ್ಟ್ ಅಟ್ಯಾಕ್' ಎಂದು ಆಂಬುಲೆನ್ಸಿನವರು ಬಂದು ಹೇಳಿದರು. ನನಗೆ ಕಿವಿಯಲ್ಲಿ ಉಳಿದದ್ದು ಎರಡೇ ಮಾತು. ಕೆರೆಯ ಆಚೆ.

ರೀ, ಎಷ್ಟು ಸಿಟ್ಟು ಬಂದಿತ್ತು ಗೊತ್ತೇ ನಿಮ್ಮ ಮೇಲೆ! ಮಂಡಿನೋವಿನವಳು ನಾನು, ಆ ದಾರಿಯಲ್ಲಿ ಒಂದು ದಿನವೂ ನಡೆದವಳಲ್ಲ. ಆಚೆ ಬದಿಗೆ ಮುಕ್ಕಾಲು ಮೈಲಿ ಎಂದು ನೀವೇ ಹೇಳುತ್ತಿದ್ದಿರಿ. ಅಷ್ಟು ದೂರಕ್ಕೆ ಯಾವ ತಟ್ಟೆ ಕೇಳಿಸೀತು? ಮಾತು ಕೊಟ್ಟವರು ಗಡಿ ದಾಟಿ ಹೋದಿರಿ, ನನ್ನ ಸದ್ದೇ ಇಲ್ಲದ ಜಾಗದಲ್ಲಿ ಒಬ್ಬರೇ… ಎಲ್ಲರೂ 'ನಿದ್ದೆಯಲ್ಲಿ ಹೋದ ಹಾಗೆ ಹೋದರು, ಪುಣ್ಯವಂತರು' ಎಂದರು. ನನಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬರುವ ತಿಂಗಳು ನಿಮ್ಮ ವರ್ಷಾಬ್ದಿಕ. ಇಷ್ಟು ದಿನವೂ ಅದೊಂದೇ ಸಂಕಟ.

ಇವತ್ತು ದೀಪಾಳಿಂದ ತಟ್ಟೆ ಕಿತ್ತುಕೊಂಡ ಮೇಲೆ ಒಳಗೆ ಕೂರಲಾಗಲಿಲ್ಲ. ಈ ಊರು ಬಿಡುವ ಮೊದಲು ಒಮ್ಮೆ ಅಲ್ಲಿಗೆ ಹೋಗಲೇಬೇಕು ಎನ್ನಿಸಿತು. ನಸ್ರೀನ್‌ಳನ್ನು ಕರೆದು, "ನಾವು ಹೊರಟ ಮೇಲೆ ಬಡೀತಾನೇ ಇರು, ನಿಲ್ಲಿಸ್ಬೇಡ" ಎಂದು ಇಂಗ್ಲಿಷಿನಲ್ಲೇ ಹೇಳಿ ತಟ್ಟೆ, ಸೌಟು ಕೈಗೆ ಕೊಟ್ಟೆ. ಅವಳು ನೇರವಾಗಿ ನಮ್ಮ ಡೆಕ್ಕಿಗೆ ನಡೆದಳು. ಢಾಕಾದವಳಲ್ಲವೇ, ಅರ್ಥವಾಗಿರಬೇಕು.

ದೀಪಾಳ ತೋಳು ಹಿಡಿದು ನಡೆದೆ. ದಾರಿ ಮರಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಮೊದಲ ತಿರುವು ದಾಟುತ್ತಿದ್ದಂತೆ ತಟ್ಟೆಯ ಸದ್ದು ಅಡಗಿಹೋಯಿತು. ಅಲ್ಲೇ ನಿಂತುಬಿಟ್ಟೆ. "ಅಮ್ಮಾ, ಲೆಟ್ಸ್ ಗೋ ಬ್ಯಾಕ್" ಎಂದಳು ದೀಪಾ. ಇಲ್ಲ, ಬೆಂಚಿನವರೆಗೂ ಹೋಗೋಣ ಎಂದೆ. ಹೋಗಿ ನೀವು ಕೂತ ಜಾಗದಲ್ಲಿ ಕೂತೆ. ತಲೆ ಎತ್ತಿ ನೋಡಿದರೆ, ರೀ, ಎದುರಿಗೇ ನಮ್ಮ ಮನೆ! ದಾರಿ ಮುಕ್ಕಾಲು ಮೈಲಿ ಸುತ್ತಿ ಬಂದರೂ ನಡುವೆ ಇರುವುದು ಅಂಗೈಯಗಲ ಕೆರೆ, ಅಷ್ಟೇ. ಡೆಕ್ಕಿನಿಂದ ನೋಡಿದರೆ ಕೊಂಬೆಗಳ ನೆರಳಿನಲ್ಲಿ ಈ ಬೆಂಚು ಕಾಣದೆ, ಅದು ಇನ್ನೂ ಎಲ್ಲೋ ದೂರ ಎಂದುಕೊಂಡಿದ್ದೆ. ಡೆಕ್ಕಿನ ಮೇಲೆ ನಸ್ರೀನ್‌ಳ ಕೆಂಪು ಸ್ವೆಟರ್ ಕಾಣುತ್ತಿತ್ತು. ನೀರಿನ ಮೇಲಿಂದ ನೇರವಾಗಿ ಬಂತು, ಠಣ್ ಠಣ್ ಠಣ್.

ದೀಪಾ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಬಾಯಿಬಿಟ್ಟು, ಯಾರಾದರೂ ನೋಡಿದರೆ ನೋಡಲಿ ಎಂದು. ನೀವು ಅಲ್ಲಿ ಕೂತು ನನ್ನನ್ನು ನೋಡುತ್ತಿದ್ದಿರೇನು? 'ಬಂದೆ ಕಣೇ' ಎಂದು ಏಳಲು ಹೊರಟು…

ಡೆಸ್ ಪ್ಲೇನ್ಸ್‌ನಲ್ಲಿ ತಲೆಯ ಮೇಲೆಲ್ಲ ವಿಮಾನಗಳ ಗದ್ದಲವಂತೆ. ಇರಲಿ. ಈ ತಟ್ಟೆ ಯಾವ ಪೆಟ್ಟಿಗೆಗೂ ಹೋಗುವುದಿಲ್ಲ, ಕಾರಿನಲ್ಲಿ ನನ್ನ ಮಡಿಲಲ್ಲೇ ಬರುತ್ತದೆ. ಇವತ್ತು ಬೆಂಚಿನಿಂದ ಮನೆಗೆ ಬಂದವಳೇ ಅದನ್ನು ತೊಳೆದು, ಅದರಲ್ಲೇ ಅನ್ನ ಹುಳಿ ಕಲಸಿ ಹೊಟ್ಟೆ ತುಂಬ ಊಟ ಮಾಡಿದೆ. ನೀವು ಗಡಿ ದಾಟಿರಲಿಲ್ಲ. ನಾನು ಊಟಕ್ಕೆ ಕರೆದದ್ದು ನಿಮಗೆ ಕೇಳಿಸಿತ್ತು.

ನಿಮ್ಮ
ವಿಮಲಾ